ಎಡಗಾಲು ಮುಂದೆ

ಹಿಂದಿನಿಂದ ಯಾರೋ ಜೋರಾಗಿ ತಳ್ಳಿದರು!

ನಿಘತ್ ಮುಗ್ಗರಿಸಿದಳು. ಎಡಗಾಲು ತಾನಾಗಿ ಮುಂದೆ ಹಾರಿ ಹಿಮದಲ್ಲಿ ಊರಿಕೊಂಡಿತು. ಇಲ್ಲದಿದ್ದರೆ ಮುಖ ನೆಲಕ್ಕೆ ಬಡಿಯುತ್ತಿತ್ತು. ತಿರುಗಿದ್ದೇ ತಡ, ಯಾರು ಏನು ಎಂದು ನೋಡದೆ ಮುಷ್ಟಿ ಬಿಗಿದು ಗುದ್ದಿಬಿಟ್ಟಳು.

ತಳ್ಳಿದವನ ಮೂಗಿನಿಂದ ರಕ್ತ ಇಳಿದು ಹಿಮದ ಮೇಲೆ ತೊಟ್ಟಿಕ್ಕಿತು. ಆದರೂ ಆ ಮಹಾನುಭಾವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಪಾದದ ಮೇಲಿತ್ತು.

"ಎಡಗಾಲು," ಎಂದ ಅವನು, ಕೈಗವಸಿನಿಂದ ಮೂಗು ಒರೆಸಿಕೊಳ್ಳುತ್ತಾ. "ನಿಮ್ಮದು ಎಡಗಾಲು ಮುಂದೆ."

"ತಲೆ ಕೆಟ್ಟಿದೆಯಾ ನಿಂಗೆ? ಹೆಣ್ಣುಮಕ್ಕಳನ್ನ ಹಿಂದಿನಿಂದ ತಳ್ತೀಯಾ?"

"ಯಾವ ಕಾಲು ತಾನಾಗಿ ಮುಂದೆ ಬರುತ್ತೆ ಅಂತ ನೋಡ್ಬೇಕಿತ್ತು. ಹೇಳಿ ತಳ್ಳಿದ್ರೆ ಕಾಲು ಸುಳ್ಳು ಹೇಳುತ್ತೆ."

ಹಿಮದ ಮೇಲೆ ಜಾರುವ ಬೋರ್ಡು ಬಾಡಿಗೆಗೆ ಕೊಡುವ ಅಂಗಡಿಯಿಂದ ಅಹದ್ ಚಾಚಾ ಕೆಂಡ ತುಂಬಿದ ಕುಡಿಕೆ ಕಾಂಗ್ಡಿಯನ್ನು ಹೊಟ್ಟೆಗೆ ಅವುಚಿಕೊಂಡೇ ಓಡಿಬಂದರು. "ಅಯ್ಯೋ, ಬೆಳಗಾಗ್ತಿದ್ದ ಹಾಗೇ ಹೊಡೆದಾಟನಾ! ನಿಘತ್, ಇವನು ತೌಸೀಫ್. ಸೋನಮರ್ಗ್‌ನಿಂದ ಬಂದಿದಾನೆ. ನಿನ್ನ ಹೊಸ ಬೋರ್ಡಿಗೆ ಕಾಲುಪಟ್ಟಿ ಕೂರಿಸೋನು ಇವನೇ ಕಣಮ್ಮ!"

"ಹಾಗಾದ್ರೆ ಬಲಗಾಲು ಮುಂದೆ ಬರೋ ಹಾಗೆ ಕೂರಿಸು. ನಮ್ಮ ಭಾಯಿಜಾನ್ ಹಾಗೇ ನಿಲ್ತಿದ್ದ," ಎಂದಳು ನಿಘತ್.

ಭಾಯಿಜಾನ್ ಎಂದ ಕೂಡಲೇ ತೌಸೀಫನ ಮುಖ ಬಿಳುಚಿಕೊಂಡಿತು. ಮೂಗಿನ ನೋವಿರಬೇಕು ಎಂದುಕೊಂಡಳು ಅವಳು.

ಗುಲ್ಮಾರ್ಗಿನ ಮಕ್ಕಳನ್ನು ನಿನ್ನ ಕಾಲು ಯಾವುದು ಎಂದು ಯಾರೂ ಕೇಳುವುದಿಲ್ಲ. ಚಳಿಗಾಲ ಮುಗಿದಾಗ ಪರದೇಶದವರು ಬಿಟ್ಟುಹೋದ ಬೋರ್ಡೊಂದು ಸಿಕ್ಕರೆ ಅದೇ ಹಬ್ಬ. ಕಾಲು ಕಟ್ಟುವ ಪಟ್ಟಿ ಯಾವ ಕಾಲಿಗೆ ತಿರುಗಿದೆಯೋ ಆ ಕಾಲೇ ಮುಂದೆ. ನಿಘತ್‌ಳ ಅಣ್ಣ ಇಶ್ಫಾಕ್‌ಗೆ ಸಿಕ್ಕಿದ್ದು ಬಲಗಾಲಿನ ಬೋರ್ಡು. ತಂಗಿಗೂ ಅದರ ಮೇಲೆಯೇ ಕಲಿಸಿದ. ಕಾಶ್ಮೀರದ ತಂಡದ ಆಯ್ಕೆಗೆ ಇನ್ನೇನು ವಾರವಿದೆ ಎನ್ನುವಾಗ ಹಿಮ ಕುಸಿದು ಅವನನ್ನು ನುಂಗಿತು.

ಅಣ್ಣನ ಆ ಬೋರ್ಡೂ ಈ ಸಲ ಬಿರುಕು ಬಿಟ್ಟಿತು. ಬರುವ ಭಾನುವಾರ ಹುಡುಗಿಯರ ಆಯ್ಕೆಯ ಓಟ. ಅಣ್ಣ ಮುಟ್ಟದ ಗೆರೆಯನ್ನು ತಾನು ಮುಟ್ಟಬೇಕು... ಅಣ್ಣನ ಹಾಗೆಯೇ ನಿಂತು ಮುಟ್ಟಬೇಕು! ಅದೊಂದೇ ಹಟ ಅವಳಿಗೆ.

ತೌಸೀಫ್ ವಾದ ಮಾಡದೆ ಬಲಗಾಲಿಗೇ ಪಟ್ಟಿ ಬಿಗಿದುಕೊಟ್ಟ.

ಹಳೆಯ ಬೋರ್ಡು ಮುದಿ ಕುದುರೆಯಂತೆ ಎಲ್ಲ ತಪ್ಪನ್ನೂ ಸಹಿಸಿಕೊಳ್ಳುತ್ತಿತ್ತು. ಹೊಸದು ಬಿರುಸು. ಅರೆಕ್ಷಣ ಭಾರ ತಪ್ಪಿದರೂ ಅಂಚು ಹಿಮಕ್ಕೆ ಕಚ್ಚಿಕೊಂಡು ಅವಳನ್ನು ಎತ್ತಿ ಒಗೆಯುತ್ತಿತ್ತು. ಮೊದಲ ಇಳಿಜಾರಿನಲ್ಲೇ ತುಟಿ ಸೀಳಿತು. ಮುಂದಿನದರಲ್ಲಿ ಹೆಲ್ಮೆಟ್ ನೆಲಕ್ಕೆ ಬಡಿದು ಕಿವಿ ಗುಂಯ್‌ಗುಟ್ಟಿತು. ಸಂಜೆಯ ಹೊತ್ತಿಗೆ ಅವಳು ಬಾಯಿಂದ ರಕ್ತ ಉಗುಳುತ್ತಾ ಅಂಗಡಿಗೆ ಬಂದು ಬೋರ್ಡನ್ನು ಅವನ ಕಾಲಬುಡಕ್ಕೆ ಎಸೆದಳು.

"ತಿರುಗಿಸು!"

"ಯಾವ ಕಡೆಗೆ?"

"ಗೊತ್ತಿದ್ದೂ ಕೇಳ್ತೀಯಲ್ಲ... ಹಲ್ಲು ಉದುರಿಸ್ಬೇಕಾ?"

"ಮೂಗು ಆಯ್ತಲ್ಲ, ಹಲ್ಲಾದ್ರೂ ಇರ್ಲಿ ಬಿಡಿ," ಎಂದು ಅವನು ಸ್ಕ್ರೂಡ್ರೈವರ್ ತೆಗೆದ. ಸೀಳಿದ ತುಟಿಯಲ್ಲೂ ಅವಳಿಗೆ ನಗು ಬಂತು.

ಮರುದಿನದಿಂದ ಅವನೇ ಕಲಿಸತೊಡಗಿದ. ಎಡಗಾಲು ಮುಂದಿಟ್ಟ ನಿಘತ್ ಮಗುವಿನಂತೆ ತಡವರಿಸಿದಳು. ಬಿದ್ದಳು, ಬೈದಳು, ಎಬ್ಬಿಸಲು ಚಾಚಿದ ಅವನ ಕೈಯನ್ನು ಸಿಟ್ಟಿಗೆ ಕಚ್ಚಿದಳು ಕೂಡ! ಕೈಗವಸು ದಪ್ಪವಿದ್ದದ್ದು ಅವನ ಪುಣ್ಯ.

"ಬುಖಾರಿ ಒಲೆ ಪಕ್ಕ ಕೂತು ಚಹಾ ಕುಡಿಯೋವಾಗ್ಲೂ ಕೈಗವಸು ತೆಗೆಯಲ್ವಲ್ಲ, ಯಾಕೆ?" ಎಂದು ಒಮ್ಮೆ ಕೇಳಿದಳು.

"ಚಳಿ."

"ಸೋನಮರ್ಗ್‌ನ ಹಿಮದಲ್ಲಿ ಬೆಳೆದೋನಿಗೆ ಚಳಿನಾ?"

ಅವನು ಉಪ್ಪು ಚಹಾದ ಲೋಟ ಅವಳತ್ತ ಸರಿಸಿದ. ಅವನ ಆ ರೀತಿ ಅವಳಿಗೆ ಇಷ್ಟವಾಗತೊಡಗಿತ್ತು. 'ಛೇ, ನನಗೇನಾಗಿದೆ?' ಎಂದು ತನ್ನನ್ನೇ ಗದರಿಕೊಂಡಳು.

ಬುಧವಾರ ಅವಳು ಒಮ್ಮೆಯೂ ಬೀಳದೆ ಕೆಳಗಿಳಿದಳು. ಬೋರ್ಡು ಮೊದಲ ಬಾರಿಗೆ ಅವಳ ಮಾತು ಕೇಳಿತ್ತು. ಅಂಗಡಿಗೆ ಓಡಿಬಂದಾಗ ಅಹದ್ ಚಾಚಾ ಕಣ್ಣೊರೆಸಿಕೊಂಡು ಹೇಳಿಬಿಟ್ಟರು: "ಇಶ್ಫಾಕ್ ನೋಡಿದ್ರೆ ಎಷ್ಟು ಖುಷಿಪಡ್ತಿದ್ನೋ! ಕೊನೇ ದಿನ ಅವನ ಜೊತೆ ಇದ್ದೋನೇ ನಿಂಗೆ ಕಲಿಸ್ತಿದಾನೆ ನೋಡು..."

ನಿಘತ್‌ಳ ಕೈಯಲ್ಲಿದ್ದ ಲೋಟ ಗೋಡೆಗೆ ಬಡಿದು ಚೂರಾಯಿತು.

"ನೀನಾ?" ಅವಳು ತೌಸೀಫನ ಕೊರಳಪಟ್ಟಿ ಹಿಡಿದಳು. "ಅವತ್ತು ಜೊತೆಗಿದ್ದ ಗೆಳೆಯ... ನಮಗೆ ಮುಖಾನೂ ತೋರಿಸ್ದೆ ಜೀವ ಉಳಿಸ್ಕೊಂಡು ಹೋದೋನು ನೀನಾ? ಮಾತಾಡೋ!"

"ಹೌದು. ನಾನು ಉಳ್ಕೊಂಡೆ."

ಫಟಾರ್! ಕೆನ್ನೆಗೆ ಏಟು ಬಿತ್ತು. ಮತ್ತೊಂದು... ಮತ್ತೊಂದು... ಅವನು ಕೈ ಅಡ್ಡ ಹಿಡಿಯಲಿಲ್ಲ. ಅದರಿಂದ ಅವಳಿಗೆ ಇನ್ನೂ ಉರಿಯಿತು.

"ಅಣ್ಣನ್ನ ಅಲ್ಲಿ ಬಿಟ್ಟುಬಂದೆ. ಈಗ ಅವನ ಕಾಲನ್ನೂ ನನ್ನಿಂದ ಕಿತ್ಕೊಂಡ್ಯಾ?"

ಅಳುತ್ತಲೇ ಸ್ಕ್ರೂಡ್ರೈವರ್ ಎಳೆದುಕೊಂಡು ಪಟ್ಟಿಗಳನ್ನು ಮತ್ತೆ ಬಲಗಾಲಿಗೆ ತಿರುಗಿಸಿದಳು. ಕೇಬಲ್ ಕಾರು ಗೊಂಡೊಲಾ ಹತ್ತಿ ಬೆಟ್ಟದ ತುದಿಗೆ ಹೋದಳು. ಹೋಗಬಾರದೆಂದು ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿದಳು. ಇದೇ ಇಳಿಜಾರಿನಲ್ಲಿ ಇಶ್ಫಾಕ್ ಹೋಗಿದ್ದ. 'ನೋಡು ಭಾಯಿಜಾನ್, ನಿನ್ನ ಹಾಗೇ ನಿಂತಿದೀನಿ...'

ಸ್ವಲ್ಪ ದೂರ ಇಳಿದಿದ್ದಳಷ್ಟೆ. ಧಡ್ ಎಂದಿತು ಬೆಟ್ಟ!

ಮೇಲೆ ಹಿಮ ಸೀಳಿ ಇಡೀ ಇಳಿಜಾರು ಕಳಚಿಕೊಂಡು ಬಂತು. ಬಲಗಾಲು ತತ್ತರಿಸಿತು, ಅಂಚು ಕಚ್ಚಿತು. ಅಷ್ಟರಲ್ಲಿ ಹಿಮ ಅವಳ ಬೆನ್ನಿಗೆ ಅಪ್ಪಳಿಸಿತು. ಯೋಚಿಸಲು ಪುರುಸೊತ್ತಿರಲಿಲ್ಲ. ಬೋರ್ಡು ಗಿರ್ರನೆ ತಿರುಗಿತು, ಎಡಗಾಲು ಮುಂದೆ ಬಂತು! ಆ ಕಾಲಿನ ಮೇಲೆ ಭಾರ ಹಾಕಿ ಅವಳು ಅಡ್ಡಲಾಗಿ ಪೈನ್ ಮರಗಳ ಕಡೆ ಚಿಮ್ಮಿದಳು. ಎರಡೂ ತುದಿ ಒಂದೇ ಥರವಿದ್ದ ಬೋರ್ಡು ಹಿಂದುಮುಂದಾಗಿಯೂ ಓಡಿತು. ಕುಸಿತದ ಅಂಚು ಮಾತ್ರ ಅವಳನ್ನು ಬಿಡದೆ ಮರಕ್ಕೆ ಬಡಿದು, ತಲೆಯವರೆಗೂ ಹೂತುಹಾಕಿತು.

ಕತ್ತಲು. ಬಾಯಿತುಂಬ ಹಿಮ. ಪಕ್ಕೆಲುಬಿನಲ್ಲಿ ಚೂರಿ ಆಡಿಸಿದಂತಹ ನೋವು. ಎಲ್ಲಿಂದಲೋ ಸಲಿಕೆಯ ಸದ್ದು...

"ನಿಘತ್! ಕಣ್ಣು ಬಿಡು! ನಿಂಗೇ ಹೇಳ್ತಿರೋದು, ಕಣ್ಣು ಬಿಡು!"

ಅವಳ ಹಿಂದಿನ ಗೊಂಡೊಲಾ ಡಬ್ಬಿಯಲ್ಲೇ ಬೆನ್ನಟ್ಟಿ ಬಂದಿದ್ದ ತೌಸೀಫ್. ಮುಖದ ಹತ್ತಿರ ಸಲಿಕೆ ಹಾಕುವಂತಿರಲಿಲ್ಲ. ಕೈಗವಸು ಕಿತ್ತೆಸೆದು ಬರಿಗೈಯಲ್ಲೇ ಅವಳ ಬಾಯಿಯಿಂದ ಹಿಮ ಬಗೆದ. ಉಸಿರೆಳೆದುಕೊಂಡ ನಿಘತ್ ಮೊದಲು ಕಂಡದ್ದು ಆ ಕೈಯನ್ನು. ಬಲಗೈಯಲ್ಲಿ ಎರಡು ಬೆರಳುಗಳೇ ಇರಲಿಲ್ಲ!

"ನಿನ್ನ ಬೆರಳು...?"

"ಅವತ್ತು ಸಲಿಕೆ ಮುರೀತು," ಎಂದ ಅವನು ಏದುಸಿರಿನಲ್ಲಿ. "ಕತ್ತಲಾಗೋವರೆಗೂ ಕೈಯಲ್ಲೇ ಅಗೆದೆ. ಅವನು ಸಿಕ್ಕ, ನಿಘತ್. ಆದ್ರೆ... ಅವನ ಉಸಿರು ಸಿಗ್ಲಿಲ್ಲ."

ಅವಳ ಎದೆ ಒಡೆದುಹೋಯಿತು. ಈ ಕೈಯನ್ನೇ ತಾನು ಕಚ್ಚಿದ್ದು! ಈ ಕೆನ್ನೆಗೇ ಹೊಡೆದದ್ದು!

"ಯಾಕೆ ಹೇಳ್ಲಿಲ್ಲ?"

"ಬೆರಳು ನೋಡಿ ನೀನು ಕನಿಕರ ಪಡ್ತಿದ್ದೆ. ನಂಗೆ ನಿನ್ನ ಕನಿಕರ ಬೇಡವಾಗಿತ್ತು..." ಅವನು ಅವಳ ಹುಬ್ಬಿನ ಮೇಲಿನ ಹಿಮ ಒರೆಸಿದ. "ಅದಕ್ಕಿಂತ ನಿನ್ನ ಏಟೇ ವಾಸಿ ಅನ್ನಿಸ್ತು."

ಅವನಿಗೆ ಬೇಕಾಗಿದ್ದದ್ದು ಪ್ರೀತಿ ಎಂದು ಅವಳಿಗೆ ಅರ್ಥವಾಯಿತು. ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಎಡಗಾಲೇ ಮುಂದೆ ಹೋಯ್ತು ತೌಸೀಫ್. ಭಾಯಿಜಾನ್ ಕಾಲು ನನ್ನನ್ನ ಬಿಟ್ಟು ಹೋಯ್ತಾ?"

"ಎಲ್ಲಿಗೆ ಹೋಗುತ್ತೆ? ಹಿಂದೇನೇ ಇದೆ. ತಿರುಗಿಸೋದು, ನಿಲ್ಲಿಸೋದು ಎಲ್ಲ ಹಿಂದಿನ ಕಾಲೇ ಅಲ್ವಾ ಹುಚ್ಚಿ?"

ಭಾನುವಾರ ಪಕ್ಕೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ನಿಘತ್ ಓಟದ ಗೆರೆಯಲ್ಲಿ ನಿಂತಳು. ಎಡಗಾಲು ಮುಂದೆ. 'ಹಿಂದೆ ನೀನಿರು ಭಾಯಿಜಾನ್,' ಎಂದುಕೊಂಡು ಜಿಗಿದಳು. ಪ್ರತಿ ತಿರುವಿನಲ್ಲೂ ಪಕ್ಕೆ ಕಿತ್ತುಬರುವಂತೆ ನೋವು. ಹಲ್ಲು ಕಚ್ಚಿದಳು. ಬೋರ್ಡು ಹಿಮ ಕೊಯ್ಯುತ್ತಾ ಅವಳು ಹೇಳಿದಲ್ಲಿಗೆ ಹೋಯಿತು. ಕೊನೆಯ ಗೆರೆ ದಾಟಿತು... ಆದರೆ ಅವಳು ನಿಲ್ಲಲಿಲ್ಲ! ಕೈ ಬೀಸುತ್ತಾ ನಿಂತಿದ್ದ ತೌಸೀಫನಿಗೇ ನೇರವಾಗಿ ಡಿಕ್ಕಿ ಹೊಡೆದಳು. ಇಬ್ಬರೂ ಉರುಳಿ ಬಿದ್ದರು. ಅವಳ ಹೆಲ್ಮೆಟ್ ಅವನ ಮೂಗಿಗೇ ಬಡಿದಿತ್ತು.

"ಅಯ್ಯೋ... ಮತ್ತೆ ಮೂಗು!"

ಧ್ವನಿವರ್ಧಕದಲ್ಲಿ ಆಯ್ಕೆಯಾದವರ ಹೆಸರು ಕೂಗಿದರು. ಎರಡನೆಯದು ಅವಳದು! ಅಹದ್ ಚಾಚಾ ಕಾಂಗ್ಡಿಯನ್ನೂ ಮರೆತು ಕುಣಿಯತೊಡಗಿದರು.

ನಿಘತ್ ಮಾತ್ರ ತೌಸೀಫನ ಬಲಗೈಯ ಕೈಗವಸನ್ನು ಮೆಲ್ಲಗೆ ಎಳೆದು ತೆಗೆದಳು. ತನ್ನದನ್ನೂ ತೆಗೆದು, ಎಲ್ಲರೆದುರೇ ಆ ಕೈ ಹಿಡಿದುಕೊಂಡಳು.

"ಜೀವಮಾನ ಪೂರ್ತಿ ಹೀಗೇ ಹೊಡೀತೀಯಾ?" ಎಂದ ಅವನು, ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ನಗುತ್ತಾ.

"ಜೀವಮಾನ ಪೂರ್ತಿ ಜೊತೆಗಿರ್ತೀಯಾ, ಮೊದಲು ಅದನ್ನ ಹೇಳು."

"ಇರ್ತೀನಿ."

"ಹಾಗಾದ್ರೆ ಮೂಗು ಒರೆಸ್ಕೋ. ನಮ್ಮ ಅಬ್ಬು ಬರ್ತಿದಾರೆ, ಅವರಿಗೆ ಅಳಿಯನ್ನ ತೋರಿಸ್ಬೇಕು."