ಬೆವರಿದ ಗೋಡೆ

1964ರ ಫೆಬ್ರವರಿ ಹತ್ತು, ಸೋಮವಾರ. ಬೆಳಿಗ್ಗೆ ವೆರ್ಬ್ನಿಕ್ ಠಾಣೆಯ ಬಾಗಿಲು ತೆರೆದಾಗ ಹಿಮ ತುಂಬಿದ ಮೆಟ್ಟಿಲ ಮೇಲೆ ಒಬ್ಬ ಸನ್ಯಾಸಿನಿ ನಿಂತಿದ್ದಳು. ಪೋಲೆಂಡಿನಲ್ಲಿ ಆಗ ಪೊಲೀಸರನ್ನು ಮಿಲಿಷಿಯಾ ಎನ್ನುತ್ತಿದ್ದರು. ಸರ್ಕಾರಕ್ಕೂ ಚರ್ಚಿಗೂ ಎಣ್ಣೆ ಸೀಗೆಕಾಯಿ. ಮಠದವರು ಆ ಮೆಟ್ಟಿಲು ಹತ್ತುತ್ತಿದ್ದದ್ದು ಕರೆಸಿದಾಗ ಮಾತ್ರ, ಅದೂ ಗೊಣಗಿಕೊಂಡು. ತಾನಾಗಿಯೇ ಬಂದವಳು ಇವಳೇ ಮೊದಲು.

ಬಿಳಿ ಮುಸುಕು, ಅಂದರೆ ಇನ್ನೂ ಅಂತಿಮ ವ್ರತ ತೊಟ್ಟಿಲ್ಲ. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಬೆಂಚಿನಿಂದ ಕಿಟಕಿಗೆ, ಕಿಟಕಿಯಿಂದ ಬೆಂಚಿಗೆ ಓಡಾಡುತ್ತಲೇ ಇದ್ದಳು.

"ಏನ್ ಸಿಸ್ಟರ್, ಚರ್ಚಿನ ಕಾಣಿಕೆ ಡಬ್ಬಿ ಹೊಡೆದ್ರಾ?" ಸಾರ್ಜೆಂಟ್ ಗವ್ಲಾ ಕೇಳಿದ. ಅವನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ.

"ನಮ್ಮಮ್ಮ ಕಾಣೆಯಾಗಿದ್ದಾಳೆ."

"ಯಾವಾಗಿಂದ?"

"ಇಪ್ಪತ್ತು ವರ್ಷದಿಂದ."

ಗವ್ಲಾ ಪೆನ್ನು ಕೆಳಗಿಟ್ಟ. ಒಳಗಿನ ಕೋಣೆಯಿಂದ ಲೆಫ್ಟಿನೆಂಟ್ ಹಲಾಮಾ ಎದ್ದು ಬಂದ. ಐವತ್ತು ದಾಟಿದ ಮನುಷ್ಯ, ಹೊಟ್ಟೆಹುಣ್ಣಿನ ರೋಗಿ, ಮಾತು ಕಮ್ಮಿ. ದೂರುದಾರಳ ಹೆಸರು ಸಿಸ್ಟರ್ ಬೆನಿಗ್ನಾ. ಊರಾಚೆಯ ಮಠದಲ್ಲಿ ಬುದ್ಧಿ ಬೆಳೆಯದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ನಾಲ್ಕು ವರ್ಷದವಳಿದ್ದಾಗ ಯಾರೋ ಆ ಮಠದ ಬಾಗಿಲಲ್ಲಿ ಬಿಟ್ಟುಹೋಗಿದ್ದರಂತೆ. ಹಡೆದವಳೇ ಬಿಟ್ಟುಹೋದಳು ಎಂದು ಅವಳು ಇಷ್ಟು ವರ್ಷ ನಂಬಿದ್ದಳು.

"ಮಾರ್ಚ್ ಇಪ್ಪತ್ತೈದಕ್ಕೆ ನನ್ನ ವ್ರತ ಸಾರ್. ಮನಸ್ಸಲ್ಲಿ ಯಾರ ಮೇಲೂ ದ್ವೇಷ ಇಲ್ಲ ಅಂತ ಅವತ್ತು ದೇವರ ಮುಂದೆ ಹೇಳ್ಬೇಕು. ನನಗೆ ನಮ್ಮಮ್ಮನ ಮೇಲೆ ಇದೆ. ಅವಳು ನನ್ನ ಬಿಟ್ಟು ಹೋದಳೋ ಇಲ್ವೋ, ಅದೊಂದು ಗೊತ್ತಾಗ್ಬೇಕು."

"ಇಪ್ಪತ್ತು ವರ್ಷ ಸುಮ್ಮನಿದ್ದು ಇವತ್ತೇ ಯಾಕೆ ಬಂದ್ರಿ?"

"ನಿನ್ನೆ ಸಿನಿಮಾ ನೋಡಿದೆ."

ಗವ್ಲಾನಿಗೆ ನಗು ತಡೆಯಲಾಗಲಿಲ್ಲ. ಹಲಾಮಾ ಅವನ ಕಡೆ ಒಮ್ಮೆ ನೋಡಿದ, ನಗು ಅಲ್ಲಿಗೇ ನಿಂತಿತು.

ವಿಷಯ ಇಷ್ಟು. ಭಾನುವಾರ ಸಂಚಾರಿ ಟಾಕೀಸಿನವರು ಅಗ್ನಿಶಾಮಕ ದಳದ ಹಾಲಿನಲ್ಲಿ ಯುದ್ಧಕಾಲದ ಒಂದು ಕಪ್ಪುಬಿಳುಪು ಚಿತ್ರ ತೋರಿಸಿದ್ದರು. ಬೆನಿಗ್ನಾ ಮಕ್ಕಳನ್ನು ಕರೆದುಕೊಂಡು ಹೋಗಿದ್ದಳು. ಚಿತ್ರದಲ್ಲೊಂದು ಹಳ್ಳಿ ಮನೆ; ಆ ಮನೆಯಲ್ಲಿ ಪಿಂಗಾಣಿ ಬಿಲ್ಲೆ ಮೆತ್ತಿದ, ಕೋಣೆ ಬೆಚ್ಚಗಿಡುವ ಗೂಡೊಲೆ; ಒಂದು ಬಿಲ್ಲೆಯ ಮೇಲಿನ ಹುಂಜದ ಚಿತ್ರ ತಲೆಕೆಳಗು.

"ಆ ಹುಂಜ ನನಗೆ ಗೊತ್ತು ಸಾರ್. ಅದರ ಕೊಕ್ಕಿಗೆ ಬೆರಳಿಟ್ಟು ಆಡ್ತಿದ್ದೆ. ಒಲೆಯ ಎಡಕ್ಕೆ ಒಂದು ಕುಳ್ಳ ಬಾಗಿಲಿತ್ತು. ಅಮ್ಮ ಬಗ್ಗಿಕೊಂಡು ಅದರೊಳಗೆ ಹೋದದ್ದು ನೆನಪಿದೆ. ಹೊರಗೆ ಬಂದದ್ದು ನೆನಪಿಲ್ಲ. ಸಿನಿಮಾದಲ್ಲಿ ಅಲ್ಲಿ ಬಾಗಿಲಿಲ್ಲ, ಬರೀ ಗೋಡೆ. ಆದ್ರೆ ಆ ಗೋಡೆ ಮೇಲೆ ಬಾಗಿಲಿನ ಆಕಾರಕ್ಕೆ ಕಪ್ಪು ಕಾಣ್ತಿತ್ತು."

"ಯುದ್ಧದಲ್ಲಿ ಅಂಥ ಬಾಗಿಲ ಹಿಂದೆ ಯಾರನ್ನ ಬಚ್ಚಿಡ್ತಿದ್ರು ಅಂತ ಗೊತ್ತಾ ಸಿಸ್ಟರ್?" ಗವ್ಲಾನ ದನಿ ಈಗ ತಗ್ಗಿತ್ತು.

"ಯೆಹೂದಿಗಳನ್ನ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ."

ಹಲಾಮಾ ಪ್ರಥಮ ವರ್ತಮಾನ ವರದಿ ದಾಖಲಿಸಿದ. ತಾಯಿಯ ಹೆಸರಿನ ಜಾಗವನ್ನು ಖಾಲಿ ಬಿಡಬೇಕಾಯಿತು, ಅದು ಅವಳಿಗೇ ಗೊತ್ತಿರಲಿಲ್ಲ.

ಟಾಕೀಸಿನ ವ್ಯಾನು ಅಷ್ಟರಲ್ಲಿ ಪಕ್ಕದ ಹಳ್ಳಿಗೆ ಹೋಗಿತ್ತು. ಮಧ್ಯಾಹ್ನ ಅಲ್ಲಿಗೇ ಹೋಗಿ ಹಿಡಿದರು. ಯಂತ್ರ ಓಡಿಸುವ ಕುಲೀಕ್ ಸಿಡಿಮಿಡಿಗೊಂಡ.

"ನಿಲ್ಸಿ ತೋರ್ಸು ಅಂತೀರಲ್ಲ ಕಾಮ್ರೇಡ್, ನಿಲ್ಸಿದ್ರೆ ದೀಪದ ಕಾವಿಗೆ ರೀಲು ಸುಟ್ಟು ಹೋಗುತ್ತೆ. ಆಮೇಲೆ ನನ್ನ ತಲೆ ಮೇಲೆ ನೀವು ನೀರು ಹಾಕ್ತೀರಾ?"

"ಹಾಗಾದ್ರೆ ಸುತ್ತಿ ಸುತ್ತಿ ಓಡಿಸು," ಎಂದ ಹಲಾಮಾ.

ಮದುವೆ ಊಟದ ದೃಶ್ಯ. ಮೊದಲ ಸಲ ಹಲಾಮಾನ ಕಣ್ಣು ನಟಿಯ ಮೇಲೇ ನಿಂತಿತು, ಗೋಡೆ ನೋಡಲು ಮರೆತ. ಎರಡನೆಯ ಸಲ ಹುಂಜ ಕಂಡಿತು. ಮೂರನೆಯ ಸಲ ಒಲೆಯ ಎಡಕ್ಕೆ, ಮದುಮಗನ ಭುಜದ ಹಿಂದೆ, ಮೊಣಕಾಲಿನಿಂದ ಎದೆಮಟ್ಟದವರೆಗೆ ಗೋಡೆ ಚೌಕವಾಗಿ ಕಪ್ಪಿಟ್ಟಿರುವುದು ಕಂಡಿತು. ಬೆನಿಗ್ನಾ ಹಿಂದೆ ಎಲ್ಲೋ ಓಡಾಡುತ್ತಿದ್ದಳು, ಅವಳ ಬೂಟಿನ ಸದ್ದು ಯಂತ್ರದ ಸದ್ದಿಗೂ ಮೇಲೆ ಕೇಳಿಸುತ್ತಿತ್ತು.

ಮನೆ ಯಾವುದೆಂದು ಹುಡುಕುವುದು ಕಷ್ಟವಾಗಲಿಲ್ಲ. ಎರಡು ಚಳಿಗಾಲದ ಹಿಂದೆ ಚಿತ್ರೀಕರಣ ನಡೆದದ್ದು ಓಲ್ಶಿನ್ಕಾ ಹಳ್ಳಿಯ ವಿಧವೆ ಅಪೊಲೋನಿಯಾ ಸಿರೆಕಳ ಮನೆಯಲ್ಲಿ. ಹಲಾಮಾ ಹುಬ್ಬು ಗಂಟಿಕ್ಕಿದ. ಕಳ್ಳಬಟ್ಟಿ ಹುಡುಕಲು ಹೋದ ವರ್ಷ ಆ ಮನೆಯನ್ನೇ ಅವನು ಜಾಲಾಡಿದ್ದ. ಗೋಡೆಯ ಮೇಲೆ ಯಾವ ಕಪ್ಪೂ ಇರಲಿಲ್ಲ, ಒಂದೇ ಸಮನೆ ನೀಲಿ ಸುಣ್ಣ.

ಮರುದಿನ ವಾರ್ಸಾಗೆ ಟ್ರಂಕ್ ಕಾಲ್ ಹಾಕಿ, ಅರ್ಧ ದಿನ ಕಾದು, ಚಿತ್ರದ ಕ್ಯಾಮೆರಾಮನ್‌ನನ್ನು ಹಿಡಿದ.

"ಅಯ್ಯೋ, ಆ ಗೋಡೆನಾ! ಪ್ರಾಣ ತಿಂತು ಮಾರಾಯ್ರೆ. ಬೆಳಿಗ್ಗೆ ಸರಿಯಾಗೇ ಇತ್ತು. ದೊಡ್ಡ ದೀಪ ಹಚ್ಚಿ ಎರಡು ತಾಸಾದ್ಮೇಲೆ ಅಷ್ಟು ಜಾಗ ಮಾತ್ರ ಬೆವರೋಕೆ ಶುರು. ಒರೆಸಿದ್ವಿ, ಮತ್ತೆ ಬೆವರಿತು. ಕೊನೆಗೆ ಡೈರೆಕ್ಟರು, ಹೋಗ್ಲಿ ಬಿಡಿ, ಹಳ್ಳಿ ಮನೆ ಅಲ್ವಾ ಅಂದ್ರು."

"ಮನೆಯಾಕೆ ನೋಡಿದ್ಲಾ?"

"ಅವಳನ್ನ ಪಕ್ಕದ ಮನೇಲಿರಿಸಿದ್ವಿ. ಮೊದಲ ದಿನ ಆ ಗೋಡೆಗೆ ಕಂಬಳಿ ನೇತುಹಾಕಿದ್ಲು. ತೆಗೆದಾಗ ಬಾಯಿಗೆ ಬಂದ ಹಾಗೆ ಬೈದ್ಲು."

ಹಲಾಮಾ ಫೋನಿಟ್ಟ. ಆಮೇಲೆ ತೊಡೆ ತಟ್ಟಿಕೊಂಡ. ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ಕಡೆಯ ಹಳ್ಳಿ ಮನೆಗಳಲ್ಲಿ ಎರಡು ಕೋಣೆ. ಬದುಕುವುದೆಲ್ಲ ಅಡುಗೆ ಕೋಣೆಯಲ್ಲಿ. ಇನ್ನೊಂದು ಹಬ್ಬದ ಕೋಣೆ. ದೇವರ ಪಟ, ಮಡಿ ಹಾಸಿಗೆ, ಮದುವೆ, ಸಾವು, ಇವಿಷ್ಟಕ್ಕೆ. ಎಂಥ ಚಳಿ ಇರಲಿ, ಅಲ್ಲಿನ ಒಲೆಗೆ ಬೆಂಕಿ ಹಾಕುವ ಪದ್ಧತಿಯಿಲ್ಲ. ಅಲ್ಲಿ ಸೌದೆ ಉರಿಸಿದವಳನ್ನು ಊರೇ ದುಂದುಗಾತಿ ಎಂದು ಆಡಿಕೊಳ್ಳುತ್ತದೆ. ಬೆಚ್ಚಗಾಗದ ಕೋಣೆಯ ಗೋಡೆ ಬೆವರುವುದಿಲ್ಲ. ದೀಪದ ಕಾವಿಗೆ ಕೋಣೆ ಬೆಚ್ಚಗಾದಾಗ ಅಷ್ಟೇ ಜಾಗ ಬೆವರಿದರೆ, ಅದರ ಹಿಂದೆ ಪೊಳ್ಳಿದೆ, ತಣ್ಣಗಿನ ಪೊಳ್ಳು.

ಬುಧವಾರ ಬೆಳಿಗ್ಗೆ ಹಲಾಮಾ, ಗವ್ಲಾ ಮತ್ತು ಗುರುತು ಹಿಡಿಯಲು ಬೆನಿಗ್ನಾ ಓಲ್ಶಿನ್ಕಾಗೆ ಹೋದರು. ಪಂಚರಾಗಿ ಊರಿನ ಮುಖ್ಯಸ್ಥನನ್ನೂ ಪಕ್ಕದ ಮನೆಯ ಲುಡ್ವಿಕಾಳನ್ನೂ ಕರೆಸಲಾಯಿತು. ಬಾಗಿಲು ತೆರೆದ ಹೆಂಗಸನ್ನು ಕಂಡು ಬೆನಿಗ್ನಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತೇ? ನೀವಾ?"

ಪ್ರತಿ ವರ್ಷ ಮಠದ ಜಾತ್ರೆಗೆ ಬುಟ್ಟಿಯಲ್ಲಿ ಬಾತುಕೋಳಿ ಮೊಟ್ಟೆ ತಂದು, ಉಳಿದ ಸಿಸ್ಟರುಗಳನ್ನು ಬಿಟ್ಟು ಇವಳ ಕೈಗೇ ಕೊಟ್ಟು, ಹೆಸರು ಊರು ಹೇಳದೆ ಕೆನ್ನೆ ಸವರಿ ಹೋಗುತ್ತಿದ್ದವಳು ಈ ಅಪೊಲೋನಿಯಾ. ಬೆನಿಗ್ನಾಳಿಗೆ ಲೋಕದಲ್ಲಿ ನೆಂಟರ ಹಾಗೆ ಇದ್ದದ್ದು ಅವಳೊಬ್ಬಳೇ.

"ಬಾ ಮಗಾ, ಒಳಗೆ ಬಾ. ಹಿಮದಲ್ಲಿ ಯಾಕೆ ನಿಂತೆ?" ಎಂದವಳು, ಹಿಂದಿದ್ದ ಸಮವಸ್ತ್ರಗಳನ್ನು ನೋಡಿ ಬಾಯಿ ಮುಚ್ಚಿದಳು.

ಹಬ್ಬದ ಕೋಣೆಯಲ್ಲಿ ಉಸಿರು ಹೊಗೆಯಾಗುವಷ್ಟು ಚಳಿ. ಹುಂಜ ತಲೆಕೆಳಗಾಗಿಯೇ ಇತ್ತು. ಒಲೆಯ ಎಡಕ್ಕೆ ಮತ್ತೆ ನೇತುಹಾಕಿದ್ದ ಕಂಬಳಿಯನ್ನು ಹಲಾಮಾ ತೆಗೆಸಿದ. ಗೋಡೆ ಒಣಗಿತ್ತು, ಎಲ್ಲ ಕಡೆ ಒಂದೇ ನೀಲಿ.

"ಈ ಕೋಣೆಗೆ ಒಲೆ ಹಚ್ಚಮ್ಮ."

"ಇಲ್ಲಿ ಹಚ್ಚಲ್ಲ."

"ಇವತ್ತು ಹಚ್ಚು."

"ಸೌದೆ ಏನು ನಿಮ್ಮಪ್ಪ ಕಡಿದು ಕೊಟ್ಟಿದ್ನಾ? ಯಾರು ಸತ್ತಿದ್ದಾರೆ, ಯಾರ ಮದುವೆ ಅಂತ ಹಚ್ಲಿ?"

"ಯಾರು ಸತ್ತಿದ್ದಾರೆ ಅಂತ ನೋಡೋಕೇ ಬಂದಿರೋದು."

ಗವ್ಲಾ ತಾನೇ ಸೌದೆ ತಂದ. ಒಲೆ ಹೊಗೆ ಕಾರಿತು, ಹೊತ್ತಿತು. ಎಲ್ಲರೂ ಬೆಂಚಿನ ಮೇಲೆ ಕುಳಿತು ಕಾದರು. ಕಾಯುವುದೆಂದರೆ ಹಿಂಸೆ. ಮುಖ್ಯಸ್ಥ ಟೋಪಿ ತಿರುವುತ್ತಿದ್ದ. ಲುಡ್ವಿಕಾ ಜಪಮಾಲೆ ಎಣಿಸಿದಳು, ನಿಲ್ಲಿಸಿದಳು, ಮತ್ತೆ ಎಣಿಸಿದಳು. ಬೆನಿಗ್ನಾ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ನಡೆದಳು. ಅಪೊಲೋನಿಯಾ ಮಾತ್ರ ಅಲುಗಾಡದೆ ಕುಳಿತಿದ್ದಳು, ಕಣ್ಣು ಗೋಡೆಯ ಮೇಲೆ.

ಹನ್ನೊಂದರ ಹೊತ್ತಿಗೆ ಒಲೆಯ ಎಡಕ್ಕೆ ಒಂದು ಹನಿ ಮೂಡಿತು, ಪಕ್ಕದಲ್ಲಿ ಮತ್ತೊಂದು. ನೋಡುತ್ತಿದ್ದಂತೆ ನೀಲಿ ಸುಣ್ಣ ಒದ್ದೆಯಾಗಿ ಕಪ್ಪಾಗುತ್ತ ಹೋಗಿ ಒಂದು ಕುಳ್ಳ ಬಾಗಿಲಾಯಿತು. ಲುಡ್ವಿಕಾ ಶಿಲುಬೆ ಗುರುತು ಮಾಡಿಕೊಂಡು "ಜೀಸಸ್ ಮರಿಯಾ!" ಎಂದಳು.

"ಒಡೀಬೇಡಿ," ಎಂದಳು ಅಪೊಲೋನಿಯಾ. "ಅವಳು ಅಲ್ಲೇ ಇದ್ದಾಳೆ. ಹಾರೆ ಹಾಕಿದ್ರೆ ತಲೆಗೆ ತಾಗುತ್ತೆ. ಗೋಡೆಗೆ ಒರಗಿಕೊಂಡೇ ಕೂತಿದ್ದಾಳೆ."

ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದರು. ಪಂಚನಾಮೆಯಲ್ಲಿ ಹೀಗಿದೆ: ನೆಲದಲ್ಲಿ ಅರ್ಧ ಹುದುಗಿದ ಉಗ್ರಾಣ, ಒಳಗೆ ಕುಳಿತ ಭಂಗಿಯಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ, ಉಣ್ಣೆಯ ಶಾಲು, ಒಂದು ಮಣ್ಣಿನ ಬಟ್ಟಲು. ಗಾಯದ ಗುರುತು ಇಲ್ಲ.

"ಹೇಗೆ ಸತ್ತಳು?" ಹಲಾಮಾ ಕೇಳಿದ.

"ಕೆಮ್ಮು. ನಿಲ್ಲದ ಕೆಮ್ಮು. ಜರ್ಮನ್ನರು ಊರು ಶೋಧಿಸ್ತಾ ಬಂದ್ರು. ಯೆಹೂದಿಗಳನ್ನ ಬಚ್ಚಿಟ್ಟಿದ್ದಕ್ಕೆ ಆಚೆ ಬೀದೀಲಿ ಒಂದು ಮನೇನ ಜನರ ಸಮೇತ ಸುಟ್ಟಿದ್ರು. ಮಗುನ ನನ್ನ ತಂಗಿ ಮಗಳು ಅಂತ ಹೇಳಿ ಅಡುಗೆ ಕೋಣೇಲಿಟ್ಕೊಂಡೆ. ಅವಳಿಗೆ ಗಸಗಸೆ ಕಾಯಿ ಕಷಾಯ ಕೊಟ್ಟೆ."

ಹಲಾಮಾ ತಲೆಯಾಡಿಸಿದ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ತಾಯಂದಿರು ಕೂಸು ಮಲಗಲಿ ಎಂದು ಆ ಕಷಾಯ ಕುಡಿಸುವುದನ್ನು ಅವನೂ ಕಂಡಿದ್ದ. "ಹಾಗಾದ್ರೆ ಕೈತಪ್ಪಿ ಆದದ್ದು," ಎಂದ. ಅವಳಿಗೊಂದು ದಾರಿ ಬಿಟ್ಟುಕೊಡುತ್ತಿದ್ದಾನೆ ಎಂದು ಗವ್ಲಾನಿಗೆ ಅನ್ನಿಸಿತು.

ಅಪೊಲೋನಿಯಾ ಆ ದಾರಿ ಹಿಡಿಯಲಿಲ್ಲ. "ಒಂದು ಹಿಡಿ ಸಾಕು ಅಂತ ಗೊತ್ತಿತ್ತು ಸಾರ್. ಮೂರು ಹಿಡಿ ಹಾಕ್ದೆ. ಬೆಳಿಗ್ಗೆ ಕೆಮ್ಮು ನಿಂತಿತ್ತು. ನನ್ನ ಗಂಡ ಕಾಯಿಲೇಲಿ ಸತ್ತಳು ಅಂದ್ಕೊಂಡ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಅಗೆಯೋಕಾಗ್ಲಿಲ್ಲ, ಇಟ್ಟಿಗೆ ಕಟ್ಟಿಬಿಟ್ಟ. ಸಾಯೋವರೆಗೂ ಅವನಿಗೆ ನಾನು ಹೇಳ್ಲಿಲ್ಲ."

"ಯಾಕೆ ಕೊಂದ್ರಿ?" ಕೇಳಿದ್ದು ಬೆನಿಗ್ನಾ. ಅವಳ ಓಡಾಟ ನಿಂತಿತ್ತು.

"ನಿನಗೋಸ್ಕರ." ಅಪೊಲೋನಿಯಾ ಅವಳ ಕಡೆ ತಿರುಗಿದಳು. "ನನಗೆ ಮಕ್ಕಳಾಗ್ಲಿಲ್ಲ. ಯುದ್ಧ ಮುಗಿದ್ರೆ ಅವಳು ನಿನ್ನ ಎತ್ಕೊಂಡು ಹೋಗ್ಬಿಡ್ತಿದ್ಲು. ನೀನು ನನ್ನ ಹೆಗಲ ಮೇಲೆ ಮಲಗ್ತಿದ್ದೆ ಮಗಾ. ಅವಳು ಇಲ್ಲ ಅಂದ್ರೆ ನೀನು ನನ್ನನ್ನೇ ಅಮ್ಮ ಅಂತೀಯ ಅಂದ್ಕೊಂಡೆ."

"ಮತ್ತೆ ಮಠಕ್ಕೆ ಯಾಕೆ ಬಿಟ್ರಿ?"

ಆ ಹೆಂಗಸಿನ ಮುಖ ಕುಸಿಯಿತು. "ನೀನು, ಊಟಕ್ಕೆ ನಾನು ಕೊಟ್ಟ ಬ್ರೆಡ್ಡಲ್ಲಿ ಅರ್ಧ ಮುರಿದು ತಂದು ಈ ಗೋಡೆ ಬುಡದಲ್ಲಿ ಇಡ್ತಿದ್ದೆ. ದಿನಾಲೂ. ಗೋಡೆ ತಟ್ಟಿ 'ಅಮ್ಮಾ, ಊಟ' ಅಂತ ಕರೀತಿದ್ದೆ. ನನ್ನನ್ನ ಒಂದು ಸಲನೂ ಕರೀಲಿಲ್ಲ, ಗೋಡೆನ ಕರೀತಿದ್ದೆ. ಹುಚ್ಚು ಹಿಡಿಯೋ ಹಾಗಾಯ್ತು. ಒಂದು ತಿಂಗಳು ನೋಡ್ದೆ. ಆಮೇಲೆ ಎತ್ಕೊಂಡು ಹೋಗಿ ಮಠದ ಬಾಗಿಲಲ್ಲಿಟ್ಟೆ."

ಗವ್ಲಾ ಬರೆಯುತ್ತಿದ್ದ.

"ಮೃತಳ ಹೆಸರು?" ಹಲಾಮಾ ಕೇಳಿದ.

"ಹೇಳಲ್ಲ."

"ಗೊತ್ತಿಲ್ವಾ?"

"ಗೊತ್ತು. ಇಡೀ ಲೋಕದಲ್ಲಿ ಈಗ ನನಗೊಬ್ಬಳಿಗೇ ಗೊತ್ತು." ಅಪೊಲೋನಿಯಾ ಬೆನಿಗ್ನಾಳನ್ನೇ ನೋಡುತ್ತಿದ್ದಳು. "ಒಂದೇ ಒಂದು ಸಲ ಅಮ್ಮ ಅನ್ನು. ಹೇಳ್ತೀನಿ."

"ಏಯ್!" ಹಲಾಮಾ ಬೆಂಚು ಗುದ್ದಿ ಎದ್ದ. "ವ್ಯಾಪಾರಕ್ಕೆ ಕೂತಿದ್ದೀಯಾ?"

"ಬಿಡಿ ಸಾರ್," ಎಂದಳು ಬೆನಿಗ್ನಾ. ಆಮೇಲೆ ನಿಧಾನವಾಗಿ ಒಲೆಯ ಎಡಕ್ಕೆ ಹೋಗಿ, ಒದ್ದೆ ಇಟ್ಟಿಗೆಗಳ ನಡುವೆ ಮೊಣಕಾಲೂರಿ, ಆ ಕತ್ತಲೆಯೊಳಗೆ ತಲೆ ಹಾಕಿದಳು.

"ಅಮ್ಮಾ," ಎಂದಳು. "ನೀನು ಬಿಟ್ಟು ಹೋಗಿರ್ಲಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ ಅಮ್ಮಾ."

ಅಪೊಲೋನಿಯಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬರೆಯುತ್ತಿದ್ದ ಗವ್ಲಾನಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಗಿಟ್ಲಾ. ಹೊಲಿಗೆ ಕೆಲಸದವಳು. ಕೂಸಿನ ಹೆಸರು ಫೈಗಾ."

ಮಧ್ಯಾಹ್ನ ಒಂದೂವರೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಅವಳು ಪ್ರತಿಭಟಿಸಲಿಲ್ಲ. ಹೊರಡುವ ಮುನ್ನ ಕೋಳಿಗಳಿಗೆ ಕಾಳು ಹಾಕಲು ಲುಡ್ವಿಕಾಗೆ ಹೇಳಿ ಜೀಪು ಹತ್ತಿದಳು.

ಸಂಜೆ ಠಾಣೆಯಲ್ಲಿ ಗವ್ಲಾ ಕೇಸ್ ಡೈರಿ ಮುಂದಿಟ್ಟುಕೊಂಡು ಕೇಳಿದ, "ಕೃತ್ಯದ ಉದ್ದೇಶ ಅಂತ ಏನು ಬರೀಲಿ ಸಾರ್? ಜರ್ಮನ್ನರ ಭಯ ಅಂತ ಹಾಕ್ಲಾ? ಕೋರ್ಟಲ್ಲಿ ಅವಳಿಗೆ ಸ್ವಲ್ಪ ಅನುಕೂಲ ಆಗ್ಬಹುದು."

"ಅವಳು ಹೇಳಿದ್ದನ್ನೇ ಬರಿ," ಎಂದ ಹಲಾಮಾ. ಗವ್ಲಾ ಬರೆದ: ಮಗು ತನ್ನನ್ನು ಅಮ್ಮ ಎಂದು ಕರೆಯಲಿ ಎಂಬ ಆಸೆ.

ಗಿಟ್ಲಾಳ ಎಲುಬುಗಳನ್ನು ಮುಳ್ಳುಪೊದೆ ಮುಚ್ಚಿದ ಹಳೆಯ ಯೆಹೂದಿ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಗವ್ಲಾ ರಜೆ ಹಾಕಿ ಗುಂಡಿ ತೋಡಿದ. ಮಾರ್ಚ್ ಇಪ್ಪತ್ತೈದರಂದು ಮಠದಲ್ಲಿ ಮೂವರು ವ್ರತ ತೊಟ್ಟರು, ಅವರಲ್ಲಿ ಬೆನಿಗ್ನಾ ಇರಲಿಲ್ಲ. ದ್ವೇಷ ಇಲ್ಲ ಎಂದು ದೇವರ ಮುಂದೆ ಸುಳ್ಳು ಹೇಳಲಾರೆ ಎಂದಳಂತೆ. ತಾಯಿಯ ಮೇಲಿನದು ತೀರಿದೆ, ಇನ್ನೊಬ್ಬಳ ಮೇಲಿನದಕ್ಕೆ ಕಾಲ ಬೇಕು, ಅಮ್ಮನನ್ನು ಕೊಂದವಳೂ ಅವಳೇ, ನನ್ನನ್ನು ಮಗಳಂತೆ ಸಾಕಬೇಕೆಂದಿದ್ದವಳೂ ಅವಳೇ ಎಂದಳಂತೆ.