ನಲವತ್ತೆರಡು ಹೆಂಗಸರು, ಒಂದೇ ಬಾಯಿ

ಕೋವಿಯ ತುದಿ ಜೀಪಿನ ಕಿಟಕಿಯಿಂದ ಒಳಬಂದು ನನ್ನ ಎದೆಗೆ ತಾಗಿತ್ತು.

ತಣ್ಣಗಿತ್ತು!

"ಸಣ್ಣಿನ ಇಳ್ಸು," ಎಂದ ತೀರ್ಥಪ್ರಸಾದ್, ನನ್ನ ಪಕ್ಕದ ಸೀಟಿನಲ್ಲಿದ್ದ ಕೂಲಿ ಹೆಂಗಸಿನತ್ತ ನೋಡಿ. ಮೂರ್ನಾಡಿನ ಆಚೆಯ ಈ ಕಾಫಿ ಎಸ್ಟೇಟಿನ ರೈಟರ್. ಹಾಜರಿ, ಕೆಲಸ, ಗೇಟಿನ ಬೀಗ... ಎಲ್ಲ ಅವನ ಕೈಯಲ್ಲಿ.

"ಇಳಿಸಲ್ಲ."

"ಪಿಕಿಂಗ್ ಟೈಮಲ್ಲಿ ಆಳು ಕದೀತೀಯಾ? ಯಾರು ಕಳ್ಸಿದ್ದು ನಿನ್ನ?"

ಯಾರು ಕಳಿಸಿದ್ದು? ಹೇಳುತ್ತೇನೆ, ಕೇಳಿ.

ಬಂಗಲೆಯವರಿಗೆ ವರ್ಷಕ್ಕೊಂದು ಚೆಕಪ್. ಲೈನ್‌ಮನೆಯ ಕೂಲಿಯವರಿಗೆ ಕ್ಯಾನ್ಸರ್ ಗೊತ್ತಾಗುವುದು ಅನ್ನ ನುಂಗಲಾಗದೆ ಹೋದ ಮೇಲೆ. ಈ ಅಂತರ ಯಾಕೆ ಎಂದು ಸಂಶೋಧನೆಗೆ ಇಳಿದವರು ಡಾಕ್ಟರ್ ದಿವ್ಯ. ಹೊಗೆಸೊಪ್ಪು ಜಗಿಯುವ ನಲವತ್ತೆರಡು ಹೆಂಗಸರ ಬಾಯಿಯ ಫೋಟೊ ಬೇಕಿತ್ತು. ಫೋಟೊ ತೆಗೆದು ಕಳಿಸಲು ಫೋನ್ ಕೊಟ್ಟದ್ದು ರೈಟರ್ ಕೈಗೆ.

ಎಡವಟ್ಟಾದದ್ದು ಅಲ್ಲೇ!

"ಗಿರಿ, ನಲವತ್ತೆರಡು ಹೆಸರು... ಒಂದೇ ಬಾಯಿ!" ಎಂದರು ಡಾಕ್ಟರ್. "ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ. ಬಿಟ್ಟರೆ ಕ್ಯಾನ್ಸರ್ ಆಗಬಹುದು. ಯಾರದ್ದು ಅಂತ ಹುಡುಕಿ."

ಜನರನ್ನು ಹುಡುಕುವುದು ನನ್ನ ದಂಧೆ. ಯಾರನ್ನೂ ನಂಬದಿರುವುದು ಅದರ ಬಂಡವಾಳ.

ಲೈನಿಗೆ ನುಗ್ಗಿದೆ. ಎಲ್ಲರೂ ತೋಟದಲ್ಲಿ. ಸಣ್ಣಿ ಒಬ್ಬಳೇ ಇದ್ದಳು, ಕೆನ್ನೆ ಒತ್ತಿಕೊಂಡು.

"ರೈಟ್ರ ಕಡೆಯೋರಾ ನೀವು?"

"ಅಲ್ಲ."

ಫೋಟೊ ತೋರಿಸಿದೆ. ಬಿಳಿ ಮಚ್ಚೆ, ಪಕ್ಕದಲ್ಲಿ ಬೆಳ್ಳಿ ಕ್ಯಾಪ್ ಹಾಕಿದ ಹಲ್ಲು.

"ನಂದಲ್ಲ ಅಣ್ಣ. ನನ್ನ ಬಾಯಿ ಯಾರೂ ನೋಡ್ಲೇ ಇಲ್ಲ."

ಬಾಯಿ ತೆರೆದಳು. ನಾಲಿಗೆಯ ಬದಿಗೆ ಹುಣ್ಣು.

"ಮೂರು ತಿಂಗಳಾಯ್ತು. ಆಸ್ಪತ್ರೆಗೆ ಹೋದ್ರೆ ಕೆಲಸ ಇಲ್ಲ ಅಂದ್ರು ರೈಟ್ರು."

ಜೀಪು ಹತ್ತಿಸಿದೆ. ಬರುವಾಗ ತೆರೆದಿದ್ದ ಗೇಟಿಗೆ ಈಗ ಬೀಗ. ಬೀಗದ ಮುಂದೆ ಈ ಕೋವಿ!

"ಅವ್ಳ ಬಾಯಿ ಸರಿಯಾಗೇ ಉಂಟು! ಫೋಟೊ ಕಳ್ಸಿದ್ದೇನೆ!" ರೈಟರ್ ಅರಚಿದ.

ಅರಚಿದಾಗ ಕಂಡಿತು. ಬೆಳ್ಳಿ ಕ್ಯಾಪಿನ ಹಲ್ಲು.

"ರೈಟ್ರೇ... ಎಲ್ಲರ ಹೆಸರಿಗೂ ನಿಮ್ಮದೇ ಬಾಯಿ ಹಾಕಿದ್ರಾ? ಹಾಜರಿ ಗೀಚಿದ ಹಾಗೆ?"

"ಪಿಕಿಂಗ್ ನಿಲ್ಸಿ ಬಾಯಿ ತೆಗ್ಸೋಕಾಗ್ತದಾ? ಅದಕ್ಕೇನೀಗ?"

"ಎಡಗೆನ್ನೆ ಒಳಗೆ ನಾಲಿಗೆ ಆಡ್ಸಿ ನೋಡಿ. ಒರಟು ಸಿಗ್ತದಾ?"

ಅವನ ಕೆನ್ನೆ ಒಳಗಿನಿಂದ ಉಬ್ಬಿತು. ಹಾಗೇ ನಿಂತಿತು.

ಕೋವಿ ಕೆಳಗಿಳಿಯಿತು.

"ಅದು... ಅದೇನು?"

"ಡಾಕ್ಟರ್ ಹೇಳ್ತಾರೆ."

ಓಡಿ ಬೀಗ ತೆಗೆದ. ಓಡಿ ಬಂದು ಜೀಪಿನ ಮುಂದಿನ ಬಾಗಿಲಿಗೆ ಕೈಹಾಕಿದ. ಸಣ್ಣಿ ಅಲುಗಲಿಲ್ಲ.

ನಾನು ಗೇರ್ ಹಾಕಿದೆ.

"ತೋಟದಿಂದ ಉಳಿದ ನಲವತ್ತೊಂದು ಜನರನ್ನ ಕರ್ಕೊಂಡು ಬನ್ನಿ, ರೈಟ್ರೇ. ನಿಮ್ಮದು ನಲವತ್ತಮೂರನೇ ನಂಬರ್."