ಛತ್ರಿಯ ಕೆಳಗೆ ಅರ್ಧ ಜಾಗ

"ಮಾಸ್ತರ್ರ, ನನ್ನ ಮೂಗು ಇಷ್ಟುದ್ದ ಐತೇನ್ರಿ?"

ಅಕ್ಕಿಆಲೂರು ಶಾಲೆಯ ಡ್ರಾಯಿಂಗ್ ಮಾಸ್ತರ ಪರಮೇಶಪ್ಪನ ಕೈಯಿಂದ ಪೆನ್ಸಿಲ್ ಜಾರಿ ಬಿತ್ತು. ಎದುರಿಗೆ ಹೊಸ ಟೀಚರು ಶಾರವ್ವ! ಆರು ತಿಂಗಳಿಂದ ಒಂದೇ ಶಾಲೆಯಲ್ಲಿದ್ದರೂ ಇಬ್ಬರ ನಡುವೆ ಇದೇ ಮೊದಲ ಮಾತು. ಅದೂ ಮೂಗಿನ ಮಾತು!

ಅದು ೧೯೬೧. ಹುಬ್ಬಳ್ಳಿಯ ವಾರಪತ್ರಿಕೆಯಲ್ಲಿ 'ಗಡಿಬಿಡಿ ಗಂಗವ್ವ' ಎಂಬ ಚಿತ್ರಕಥೆ ಬರುತ್ತಿತ್ತು. ಬರೆದವರ ಹೆಸರಿಲ್ಲ. ಮೂಲೆಯಲ್ಲಿ ಛತ್ರಿ ಹಿಡಿದ ಪುಟ್ಟ ಮನುಷ್ಯ, ಅಷ್ಟೇ. ಶಾರವ್ವ ಪ್ರತಿ ವಾರ ಓದಿ ನಗುತ್ತಿದ್ದಳು, ಕತ್ತರಿಸಿ ಇಡುತ್ತಿದ್ದಳು. ಕಾಣದ ಆ ಕೈಗೆ ಮನಸ್ಸನ್ನೂ ಕೊಟ್ಟುಬಿಟ್ಟಿದ್ದಳು, ಪಾಪ!

ಈ ವಾರ ನೋಡಿದರೆ ಗಂಗವ್ವನಿಗೆ ಶಾರವ್ವನದೇ ಮುಖ, ಮೂಗು ಮಾತ್ರ ಮೊಳದುದ್ದ! ಹರಿದ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನ ಹಿಂದೆ ಓಡುತ್ತಿದ್ದಾಳೆ. ಹಾನಗಲ್ಲ ಬಸ್ಸಿಗೆ ಶಾರವ್ವ ಓಡಿದ್ದೂ ಹೀಗೇ. ಅವತ್ತು ಬಸ್ಸಿನ ಕಿಟಕಿಯಲ್ಲಿದ್ದ ಗುರುತಿನ ಮುಖ ಒಂದೇ... ಈ ಮಾಸ್ತರನದು!

"ಮಕ್ಕಳು ಗಂಗವ್ವ ಟೀಚರ ಅನ್ನಾಕತ್ತಾವ್ರಿ! ನಾ ಹಿರೇಕೆರೂರಿಗೆ ವರ್ಗಾ ಕೇಳ್ತೇನಿ. ಇಗೋರಿ ಅರ್ಜಿ. ನಿಮ್ಮ ಚಿತ್ರ ನೀವ ಇಟ್ಕೋರಿ!"

ಕತ್ತರಿಸಿಟ್ಟ ಚಿತ್ರಗಳ ಕಟ್ಟು ಮೇಜಿನ ಮೇಲೆ ಬಿತ್ತು. ಪರಮೇಶಪ್ಪ ಎಣಿಸಿದ. ಇಪ್ಪತ್ನಾಲ್ಕು ವಾರ, ಸಾಲಾಗಿ.

"ಒಂದೂ ಬಿಟ್ಟಿಲ್ಲಲ್ರಿ..." ಅವನು ಮುಖವೆತ್ತಿದ.

"ಹೌದ್ರಿ, ಹುಚ್ಚಿ ನಾನು!"

"ಒಂದ ನಿಮಿಷ ನಿಲ್ರಿ. ಮೂಲ್ಯಾಗ ನೋಡ್ರಿ."

ಕಟ್ಟನ್ನು ಸಮ ಮಾಡಿ, ಹೆಬ್ಬೆರಳಿನಿಂದ ಸರ್‍ರನೆ ಬಿಟ್ಟ. ಪುಟ್ಟ ಮನುಷ್ಯ ಅಲುಗಾಡಿದ! ಛತ್ರಿ ಬಿಚ್ಚಿದ, ಮೇಲೆತ್ತಿದ, ಪಕ್ಕಕ್ಕೆ ಸರಿದು ಅರ್ಧ ಜಾಗ ಬಿಟ್ಟು ನಿಂತ.

"ಅಯ್ಯ ಶಿವನ! ಇಂವ ನಡ್ಯಾಕತ್ತಾನ! ಇನ್ನೊಮ್ಮೆ ತೋರಸ್ರಿ!"

ಸಿಟ್ಟು ಎಲ್ಲಿ ಹೋಯಿತೋ! ಮೂರು ಸಲ ನೋಡಿದಳು.

"ಇದನ್ನ ಯಾರೂ ನೋಡಿರಲಿಲ್ರಿ. ಎಲ್ಲಾ ವಾರ ಕೂಡಿಸಿಟ್ಟವರಿಗಷ್ಟ ಕಾಣತೈತಿ."

ಇಷ್ಟು ಚಂದದ ಕೈ ನನ್ನನ್ನೇ ಅಣಕಿಸಬೇಕಾ? ಅವಳ ಕಣ್ಣು ತುಂಬಿತು.

"ಮತ್ತ ಆ ಬಸ್ಸಿನ ಚಿತ್ರ?"

"ಬಸ್ ತಪ್ಪಿದ ಮ್ಯಾಲ ಚಪ್ಪಲಿ ನೋಡಿ ನಿಮ್ಮಷ್ಟಕ್ಕ ನೀವ ನಕ್ರಿ. ಆ ನಗು ಬರ್ಯಾಕ ಕುಂತೆ... ನಗು ಬರಲಿಲ್ಲ, ಮೂಗು ಬಂತು. ನಿಮ್ಮ ಮರ್ಯಾದಿ ವಿಚಾರ ಮಾಡಲಿಲ್ಲ. ತಪ್ಪಾತ್ರಿ."

ಶಾರವ್ವನಿಗೆ ನಗು ತಡೆಯುವುದೇ ಕಷ್ಟವಾಯಿತು.

"ಛತ್ರಿ ಕೆಳಗ ಆ ಅರ್ಧ ಜಾಗ ಯಾರಿಗ್ರಿ?"

"ಸುರುವಿಗೆ ಯಾರಿಗೂ ಅಲ್ಲ. ಈಗ... ನಿಮಗ. ಮುಂದಿನ ವಾರ ಅಲ್ಲಿ ನಿಮ್ಮನ್ನ ಬರೀಬೇಕಂತ ಆಸೆ. ಕೇಳದ ಹೆಂಗ ಬರೀಲ್ರಿ?"

ಗಂಟೆ ಹೊಡೆಯಿತು. ಅವಳು ಕದಲಲಿಲ್ಲ. ಬಿದ್ದ ಪೆನ್ಸಿಲ್ ಎತ್ತಿಕೊಟ್ಟಳು. ವರ್ಗಾವಣೆಯ ಅರ್ಜಿ ಮಗುಚಿ ಅವನ ಮುಂದಿಟ್ಟಳು.

"ಇದರ ಹಿಂದ ಬರದು ತೋರಸ್ರಿ."

"ಅರ್ಜಿ ಕೆಡತೈತ್ರಲ್ಲ!"

"ಕೆಡ್ಲಿ ಬಿಡ್ರಿ... ಮೂಗಷ್ಟ ಸಣ್ಣದ ಬರೀರಿ."